ಆಯಮ್ಮ ಕಾದ ನಾಲ್ಕು ಸಹಿಗಳು

ಆಯಮ್ಮನ ಎಡಗೈಯಲ್ಲಿ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಕಲೆಗಳಿದ್ದವು. ಪ್ರತಿಯೊಂದೂ ಸ್ವಲ್ಪ ಬಾಗಿ, ಉಗುರಿನ ಅಂಚಿನ ಆಕಾರದಲ್ಲಿತ್ತು. ಕುಂದಾಪುರದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಅವರು ಮೂವತ್ತು ವರ್ಷ ಆಯಾ ಆಗಿದ್ದರು. ನೋವು ತಿನ್ನುವ ಹೆಂಗಸರಿಗೆ ಹಿಡಿದುಕೊಳ್ಳಲು ಮಂಚದ ಸರಳಿನ ಬದಲು ತಮ್ಮ ಕೈಯನ್ನೇ ಕೊಡುತ್ತಿದ್ದರು. ಬಲಗೈ ಕೆಲಸಕ್ಕೆ ಬೇಕಾದ್ದರಿಂದ ಎಡಗೈಯನ್ನು. “ಇದ್ ನಾವುಂದದ್, ಇದ್ ಉಪ್ಪುಂದದ್, ಇದ್ ಹಂಗಾರಕಟ್ಟಿದ್. ಅವ್ಳ್ ಕಚ್ಚಿದ್ದೂ ಇತ್ತ್” ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಹೆಂಗಸರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಊರು ನೆನಪಿರುತ್ತಿತ್ತು. ಮೊಣಕೈಯ ಸಮೀಪದ ಒಂದು ಕಲೆ ನನ್ನ ತಾಯಿಯದು, ನಾನು ಹುಟ್ಟಿದ ದಿನದ್ದು. ಹಿಂದೆಮುಂದೆ ಯಾರೂ ಇಲ್ಲದ ಅವರು ಅಂದಿನಿಂದ ನಮಗೆ ಮನೆಯವರಂತೆಯೇ ಆಗಿದ್ದರು.

ಅವರ ಬಾಯಿ ಮೃದುವಾಗಿರಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ನಾಚಿಕೆಯಿಂದ ಹಲ್ಲು ಕಚ್ಚಿಕೊಂಡವರಿಗೆ, “ಕೂಗ್, ಕೂಗ್. ಹುಟ್ಟುದ್ ಕೆಪ್ಪ ಆತಿಲ್ಲೆ” ಎನ್ನುತ್ತಿದ್ದರಂತೆ. ಅವಸರ ಮಾಡುವ ಗಂಡಂದಿರಿಗೆ ಒಂದೇ ಉತ್ತರ: “ಎಳ್ದ್ರೆ ಬತ್ತಿಲ್ಲೆ. ಬಪ್ಪೊತ್ತಿಗೆ ಬತ್ತ್.” ಈ ಮಾತನ್ನು ಅವರು ಬಸ್ಸಿಗೂ ಮಳೆಗೂ ಸಾವಿಗೂ ಹೇಳುತ್ತಿದ್ದರು.

ನನ್ನ ತಾಯಿ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನನ್ನನ್ನು ಓದಿಸಿದರು. ೧೯೯೭ರಲ್ಲಿ ನಾನು ಪದವಿ ಪಡೆದೆ. ನಮ್ಮ ಮನೆತನದಲ್ಲಿ ಅದೇ ಮೊದಲು. ಪ್ರಮಾಣಪತ್ರ ನೋಡಲು ಬಂದ ಆಯಮ್ಮ ಮೊದಲು ಬಾವಿಕಟ್ಟೆಗೆ ಹೋಗಿ ಕೈ ತೊಳೆದರು, ಸೆರಗಿನಲ್ಲಿ ಒರೆಸಿದರು, ಆಮೇಲೆ ಅದನ್ನು ಮುಟ್ಟಿದರು. ಸಹಿ ಹಾಕುವುದರ ಹೊರತು ಅವರಿಗೆ ಅಕ್ಷರ ಬಾರದು. “ಇನ್ನ್ ನಮ್ಗೆ ಯಾರ್ ಹಂಗೂ ಬ್ಯಾಡ. ಅರ್ಜಿ ಗಿರ್ಜಿ ಬರೆವುಕೆ ನೀ ಇದ್ಯಲೆ, ಹೆಣೆ” ಎಂದರು. ಆ ಮಾತು ನನಗೆ ಹೆಮ್ಮೆಗಿಂತ ಹೆಚ್ಚಾಗಿ ಭಯವನ್ನೇ ತಂದಿತು. ಎಲ್ಲಿಯಾದರೂ ತಪ್ಪಿದರೆ ಜನರು ‘ಗೇರುಬೀಜ ಸುಲಿಯುವವಳ ಮಗಳು ತಾನೆ’ ಎನ್ನುವರೆಂಬ ಭಯ ಆಗ ನನ್ನನ್ನು ಒಂದು ಗಳಿಗೆಯೂ ಬಿಡುತ್ತಿರಲಿಲ್ಲ.

ಮರುವರ್ಷ ಆಯಮ್ಮ ನಿವೃತ್ತರಾದರು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವರಿಗೆ ನಾಲ್ಕು ಕೋಣೆಗಳ ಹೆಂಚಿನ ಮನೆಯಿತ್ತು. ಅಲ್ಲಿ ರೋಗಿಗಳನ್ನು ಇಳಿಸಿಕೊಳ್ಳಬೇಕೆಂಬುದು ಅವರ ಆಸೆ: ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಸ್ಸು ಸಿಗದವರು, ನಾಳೆ ಪುನಃ ಬನ್ನಿ ಎಂದು ಹೇಳಿಸಿಕೊಂಡವರು, ಬೈಂದೂರಿನ ಆಚೆಯಿಂದ ಬಂದು ಹಿಂದಿರುಗಲಾರದವರು. ಮಲಗಲು ಒಂದು ಮಂಚ, ಕುಡಿಯಲು ಗಂಜಿ. ಬೋರ್ಡು ಬೇಡ, ಹೆಸರು ಬೇಡ. ಈ ಹಟಕ್ಕೆ ಕಾರಣವೇನೆಂದು ನಾನು ಒಮ್ಮೆ ಕೇಳಿದ್ದೆ. ಅವರು ಹೇಳಿದ್ದು ಇಷ್ಟು. ಒಂದು ಮಳೆಗಾಲದಲ್ಲಿ ಬಾಣಂತಿಯೊಬ್ಬಳನ್ನು, ಹಾಸಿಗೆ ಬೇಕೆಂದು, ಬಿಡುಗಡೆ ಮಾಡಿದರು. ಗಂಡ ಬರುವುದು ಮರುದಿನ. ಅವಳು ಕೂಸಿನೊಂದಿಗೆ ಪಡಸಾಲೆಯ ನೆಲದಲ್ಲಿ ಮಲಗಿದಳು. ಬೆಳಗ್ಗೆ ವೈದ್ಯರು ಬರುವ ಮೊದಲು ನೆಲ ಒರೆಸಬೇಕೆಂಬುದು ನಿಯಮ.

“ಮೂರ್ ಸಲ ಏಳ್ಸಿದೆ ಅವ್ಳನ್ನ್. ನೆಲ ಒಣಗೂ ತನ್ಕ ನಿಲ್ಸಿದೆ. ಹೊಲ್ಗಿ ಹಾಕಿದ್ ಹೆಂಗ್ಸ್. ಮೂರ್ನೇ ಸಲ ಮಗಿನ್ನ ಹಸಿ ನೆಲದ್ ಮೇಲೇ ಇಟ್ಟ್ಳ್, ಹಿಡ್ಕಂಬುಕೆ ಆಯ್ಲಿಲ್ಲೆ ಅಂದೇಳಿ. ನಾಲ್ಕ್ ದಿನ ಬಿಟ್ಟ್ ಶೀತ ಜ್ವರ ಅಂದ್ ತಕಂಬಂದ್ರ್. ಉಳೀಲಿಲ್ಲೆ.”

ಕಣ್ಣೀರು ತೆಗೆಯದೆ ಹೇಳಿದರು. ನಾನು ಸಮಾಧಾನ ಹೇಳಲು ಬಾಯಿ ತೆರೆದಾಗ, “ನಿನ್ ಡಿಗ್ರಿ ಮಾತ್ ಬ್ಯಾಡ” ಎಂದು ತಡೆದರು.

ಆಸ್ಪತ್ರೆಯವರು ಹಳೆಯ ಕಬ್ಬಿಣದ ಮಂಚಗಳನ್ನು ವಿಲೇವಾರಿ ಮಾಡಿದಾಗ ಅವರು ಆರು ಮಂಚಗಳನ್ನು ತಂದು, ಉಜ್ಜಿ, ಹಸಿರು ಬಣ್ಣ ಬಳಿದು, ಮೂರು ಕೋಣೆಗಳಲ್ಲಿ ಹಾಕಿದರು. ಉಳಿದದ್ದು ಅನುಮತಿ. ಪಟ್ಟಣದ ಕಚೇರಿಯಿಂದ ನಾನು ನಮೂನೆ ತಂದೆ. ಅದರಲ್ಲಿ ‘ನೆರೆಹೊರೆಯವರ ಅಭಿಪ್ರಾಯ’ ಎಂಬ ಕಲಂ ಇತ್ತು. ಅದರ ಕೆಳಗೆ ನಾಲ್ಕು ಖಾಲಿ ಗೆರೆಗಳಿದ್ದವು. ಓಣಿಯಲ್ಲಿ ಬೇರೆ ಮನೆಗಳಿದ್ದುದೂ ನಾಲ್ಕೇ. ಆದ್ದರಿಂದ ನಾಲ್ಕು ಮನೆಯವರೂ ಒಪ್ಪಿ ಸಹಿ ಹಾಕಿದ ಹೊರತು ಅರ್ಜಿ ಸಲ್ಲಿಸುವಂತಿಲ್ಲವೆಂದು ನಾನು ತೀರ್ಮಾನಿಸಿದೆ. ಕಿಟಕಿಯ ಆಚೆ ಕುಳಿತಿದ್ದ ಗುಮಾಸ್ತರನ್ನು ಒಂದು ಮಾತು ಕೇಳಬಹುದಿತ್ತು. ಪದವೀಧರೆಗೆ ಒಂದು ನಮೂನೆ ತುಂಬಲು ಬಾರದೆಂದು ಅವರು ತಿಳಿದಾರೆಂದು ಕೇಳಲಿಲ್ಲ.

“ಖಾಲಿ ಬಿಟ್ಟ್ ಕೊಟ್ರೆ ಆತಿಲ್ಯಾ?” ಎಂದು ಆಯಮ್ಮ ಕೇಳಿದರು.

“ತಿರಸ್ಕಾರವಾಗುತ್ತದೆ ಆಯಮ್ಮ. ಒಮ್ಮೆ ತಿರಸ್ಕಾರವಾದರೆ ಮತ್ತೆ ಆಗುವುದಿಲ್ಲ. ಅನುಮತಿಗೆ ಮೊದಲು ಯಾರನ್ನೂ ಒಳಗೆ ಮಲಗಿಸಲೂಬಾರದು.”

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆದರೆ ನಾನು ಪುಸ್ತಕದ ಭಾಷೆಯಲ್ಲಿ ಹೇಳಿದುದಕ್ಕೆ ಅವರು ಎಂದೂ ಎದುರಾಡುತ್ತಿರಲಿಲ್ಲ. “ಹಂಗಾರೆ ಕಾಂಬ” ಎಂದರು.

ಮೂರು ಮನೆಯವರು, ನಾಲ್ಕನೆಯ ಮನೆಯ ಹೋಟೆಲ್ ಧಣಿಗಳು ಸಹಿ ಹಾಕಿದರೆ ತಾವೂ ಹಾಕುವುದಾಗಿ ಹೇಳಿದರು. ಧಣಿಗಳು ಮುಂಬಯಿಯ ಹೋಟೆಲುಗಳನ್ನು ಮಕ್ಕಳಿಗೆ ಒಪ್ಪಿಸಿ ಊರಿಗೆ ಬಂದು ನೆಲೆಸಿದ್ದವರು. ನಾವು ಹೋದಾಗ ನನಗೆ ಜಗಲಿಯ ಮೇಲೆ ಕುರ್ಚಿ ಹಾಕಿಸಿದರು. ಆಯಮ್ಮ ಮೆಟ್ಟಿಲಿನ ಮೇಲೆ ಕುಳಿತರು.

“ಪುಣ್ಯದ್ ಕೆಲ್ಸ. ನಾ ಬ್ಯಾಡ ಅಂಬುದಿಲ್ಲೆ. ಆರೆ ಓಣಿ ತಲೀಲ್ ನಾಗಬನ ಇತ್ತಲೆ ಆಯಮ್ಮ? ಬಾಣಂತಿ ಮೈಲ್ಗಿ, ನಾಳೆ ಒಂದ್ ಹೆಣ ಗಿಣ ಬಿದ್ರೆ… ಒಂದ್ ಪ್ರಶ್ನೆ ಇಡ್ಸಿ ಕೇಂಬ” ಎಂದರು ಧಣಿಗಳು.

“ನಾಗ ಮೊಟ್ಟೆ ಇಡುದಿಲ್ಯಾ ಧಣಿ? ಅದ್ಕೂ ಬಾಣಂತನ ಇತ್ತಲೆ.”

ಧಣಿಗಳು ಹೊಟ್ಟೆ ಹಿಡಿದು ನಕ್ಕರು. ಸಹಿ ಹಾಕಲಿಲ್ಲ. ಜೋಯಿಸರು ಕವಡೆ ಹಾಕಿ ನೋಡಿ, ಮೊದಲು ಬನದಲ್ಲಿ ನಾಗನಿಗೆ ಆಶ್ಲೇಷಾ ಬಲಿಯ ಪೂಜೆಯಾಗಲಿ, ಆಮೇಲೆ ಯೋಚಿಸೋಣ ಎಂದರು. ಬಲಿ ಮಾಡಿಸಲು ಧಣಿಗಳ ಹಿರಿಯ ಮಗ ಮುಂಬಯಿಯಿಂದ ಬರಬೇಕಿತ್ತು. ಅವನು ಆ ವರ್ಷ ಬರಲಿಲ್ಲ.

ಅಷ್ಟರಲ್ಲಿ ಧಣಿಗಳ ತಾಯಿ ಬಿದ್ದು ಸೊಂಟ ಮುರಿದುಕೊಂಡರು, ಬೆನ್ನಿನಲ್ಲಿ ಹುಣ್ಣಾಯಿತು. ಆಯಮ್ಮನಿಗೆ ಕರೆ ಬಂತು. ಎರಡೂವರೆ ವರ್ಷ, ಬೆಳಗ್ಗೆ ಮತ್ತು ಸಂಜೆ, ಅವರು ಆ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ, ಹುಣ್ಣು ತೊಳೆದು, ಬಟ್ಟೆ ಬದಲಿಸಿದರು. ಮುದುಕಿ ನೋವಿಗೆ ಚಿವುಟುತ್ತಿದ್ದರು, ಬೈಯುತ್ತಿದ್ದರು. ಕೆಲಸ ಮುಗಿದ ಮೇಲೆ ಆಯಮ್ಮನಿಗೆಂದೇ ಬೇರೆಯಾಗಿಟ್ಟ ಲೋಟದಲ್ಲಿ ಕಾಫಿ ಸಿಗುತ್ತಿತ್ತು. ಕುಡಿದು, ತೊಳೆದು, ಅದನ್ನು ಕಂಪೌಂಡಿನ ಗೋಡೆಯ ಮೇಲೆ ಬೋರಲಿಟ್ಟು ಬರಬೇಕು. ಇದನ್ನು ನೋಡಿ ಉಳಿದ ಮೂರು ಮನೆಯವರೂ ಕರೆಯತೊಡಗಿದರು: ಒಬ್ಬರ ಮಗಳ ಬಾಣಂತನ, ಇನ್ನೊಬ್ಬರ ಮಾವನ ಮೂತ್ರದ ನಳಿಕೆ, ಮತ್ತೊಬ್ಬರ ಸಕ್ಕರೆ ಕಾಯಿಲೆಯ ಕಾಲು. ಆಯಮ್ಮ ಯಾರಿಗೂ ಇಲ್ಲವೆನ್ನಲಿಲ್ಲ.

“ಪುಣ್ಯಕ್ಕ್ ಮಾಡುದಲ್ಲ ಹೆಣೆ, ಕಾಗ್ದದ್ ಸೈನಿಗ್ ಮಾಡುದ್” ಎಂದು ನನ್ನೊಡನೆ ಸ್ಪಷ್ಟವಾಗಿಯೇ ಹೇಳಿದ್ದರು.

ಒಂದು ಸಂಜೆ ನಾಲ್ಕು ಮನೆಯವರೂ ಧಣಿಗಳ ಜಗಲಿಯಲ್ಲಿ ಸೇರಿದ್ದಾಗ ಆಯಮ್ಮ ಮತ್ತೆ ಕಾಗದದ ಸುದ್ದಿ ಎತ್ತಿದರು. ಧಣಿಗಳು, “ಟೆನ್ಶನ್ ಎಂತಕ್ಕೆ ತಕಂತ್ರಿ ಆಯಮ್ಮ? ರೋಗಿಗಳ್ ಮನೆ ಬೇರೆ ಎಂತಕ್ಕೆ? ನಮ್ ಓಣಿ ಇಡೀ ನಿಮ್ದೇ ಆಸ್ಪತ್ರೆ ಅಲ್ದಾ?” ಎಂದರು. ಎಲ್ಲರೂ ನಕ್ಕರು. ಕುರ್ಚಿಯಲ್ಲಿದ್ದ ನಾನೂ ನಕ್ಕೆ. ನಗದಿದ್ದರೆ ಅಗೌರವವಾದೀತೆಂದು ನಕ್ಕೆನೆಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

ಮುದುಕಿ ತೀರಿಕೊಂಡರು. ಸೂತಕದ ವರ್ಷ ಮುಗಿಯಲಿ ಎಂದರು ಧಣಿಗಳು. ಅದು ಮುಗಿಯಿತು. ಮೊಮ್ಮಗಳ ಮದುವೆಯಾಗಲಿ ಎಂದರು, ಅದೂ ಆಯಿತು. ಬನಕ್ಕೆ ಕಲ್ಲು ಕಟ್ಟಿಸುವ ಕೆಲಸ ಆರಂಭವಾಯಿತು. ಒಂದು ದಿನವೂ ಅವರು ‘ಆಗುವುದಿಲ್ಲ’ ಎಂಬ ಮಾತು ಆಡಲಿಲ್ಲ. ಆಡಿದ್ದರೆ ಆಯಮ್ಮ ಅಂದೇ ಅವರನ್ನು ಬೈದು ಎದ್ದು ಬರುತ್ತಿದ್ದರು.

ಆ ವರ್ಷಗಳಲ್ಲಿ ಕಂಡ ಒಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ನಾನು ಬ್ರಹ್ಮಾವರದಲ್ಲಿ ಮಕ್ಕಳಿಗೆ ಪಾಠ ಹೇಳಿ ಬರುತ್ತಿದ್ದ ಕಾಲ. ಒಂದು ಮಧ್ಯಾಹ್ನ ಆಯಮ್ಮನ ಮನೆಗೆ ಹೋದಾಗ ಉಪ್ಪುಂದದ ಕಡೆಯ ಹೆಂಗಸೊಬ್ಬಳು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವಳು, ಹೊರಗಿನ ಮೆಟ್ಟಿಲಿನ ಮೇಲೆ ಗೋಡೆಗೆ ಒರಗಿದ್ದಳು. ಅವಳ ಮುಂದೆ ಗಂಜಿಯ ಬಟ್ಟಲಿತ್ತು. ಬಿಸಿಲು ಅವಳ ಮೊಣಕಾಲಿನವರೆಗೆ ಬಂದಿತ್ತು.

“ಒಳ್ಗ್ ಒಂದ್ ಗಳ್ಗಿ ಬೆನ್ನ್ ಹಾಕ್ತೆ ಅಮ್ಮ” ಎಂದಳು.

“ಕಾಗ್ದ ಆಯ್ಲಿಲ್ಲೆ. ಕಾಗ್ದ ಆದ್ ಮೇಲೆ ಬಾ” ಎಂದರು ಆಯಮ್ಮ.

ಹೇಳಿದ್ದು ಅವಳಿಗೆ, ನೋಡಿದ್ದು ನನ್ನ ಕಡೆಗೆ. ಆಗ ನಾನು ‘ಹೋಗಲಿ, ಮಲಗಲಿ’ ಎಂದಿದ್ದರೆ ಸಾಕಿತ್ತು. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಿಂತಿದ್ದರು. ಬಿಸಿಲು ಕುತ್ತಿಗೆಯವರೆಗೆ ಬಂದಾಗ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ಎದ್ದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಆಯಮ್ಮ ಬಟ್ಟಲು ತೊಳೆದರು.

೨೦೦೬ರಲ್ಲಿ ನನಗೆ ಕುಂದಾಪುರದಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ದೊರೆಯಿತು. ಅಲ್ಲಿ ಒಂದು ಕಡತದಲ್ಲಿ ಅದೇ ನಮೂನೆ ಕಣ್ಣಿಗೆ ಬಿತ್ತು. ನಾಲ್ಕು ಗೆರೆಗಳೂ ಖಾಲಿ. ಮೇಲೆ ಮಂಜೂರಾತಿಯ ಮೊಹರು. ಹಿರಿಯ ಗುಮಾಸ್ತರನ್ನು ಕೇಳಿದೆ. ಅವರು ಕನ್ನಡಕ ಮೇಲೇರಿಸಿ, “ಅದ್ ಯಾರೂ ತುಂಬ್ಸುದಿಲ್ಲೆ ಮೇಡಮ್. ಕಚೇರಿಯವ್ರೇ ನೋಟೀಸ್ ಹಚ್ತ್ರ್. ತಿಂಗ್ಳೊಳ್ಗೆ ಯಾರೂ ತಕ್ರಾರ್ ತೆಗೀದಿದ್ರೆ ಆಯ್ತ್. ಯಾರ್ ಹೇಳಿದ್ ನಿಮ್ಗೆ ಸೈನ್ ಬೇಕ್ ಅಂದೇಳಿ?” ಎಂದರು.

ಆ ಸಂಜೆ ಹೋದಾಗ ಆಯಮ್ಮ ಹಿತ್ತಲಿನಲ್ಲಿ ಕುಳಿತು ಬೈಗೆ ಮೀನು ಕೊಯ್ಯುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ತಲೆಯೆತ್ತಲಿಲ್ಲ. ಕೊನೆಯ ಮೀನಿನವರೆಗೂ ಕೊಯ್ದು, ತೊಳೆದು, ಕತ್ತಿಯನ್ನು ಮಗ್ಗುಲಾಗಿಟ್ಟು, ಆಮೇಲೆ ಹೇಳಿದರು:

“ನೀ ಹೇಳ್ದೇ ಇದ್ರೆ ಆತಿತ್ತ್. ಎಂಟ್ ವರ್ಷ ಅವ್ರನ್ನ್ ಬೈಕಂಡಾರೂ ಇದ್ದೆ. ಇನ್ನ್ ಯಾರನ್ನ್ ಬೈಯ್ಲಿ?”

ನಾನು ಅಳತೊಡಗಿದೆ.

“ಮರ್ಕಬ್ಯಾಡ. ಮರ್ಕುವವ್ಳ್ ನಾನ್, ನೀನಲ್ಲ. ನಾಳೆ ಅರ್ಜಿ ಕೊಡ್ವ.”

ಮರುದಿನ ಕೊಟ್ಟೆವು. ಕಚೇರಿಯ ಹಲಗೆಯ ಮೇಲೆ ನೋಟೀಸು ಬಂತು. ಆಯಮ್ಮ ಪ್ರತಿದಿನ ಅಲ್ಲಿಗೆ ಹೋಗಿ, ಓದಲು ಬಾರದಿದ್ದರೂ, ಕಾಗದ ಹಾಗೆಯೇ ಇದೆಯೇ ಎಂದು ನೋಡಿ ಬರುತ್ತಿದ್ದರು. ಮನೆಯಲ್ಲಿ ಹೊಸ ಚಾಪೆ, ದಿಂಬುಗಳು ಬಂದವು. ತಿಂಗಳು ಮುಗಿಯುವ ಹಿಂದಿನ ದಿನ ತಕರಾರು ಅರ್ಜಿಯೊಂದು ಸಲ್ಲಿಕೆಯಾಯಿತು. ಒಳ್ಳೆಯ ಕನ್ನಡದಲ್ಲಿ ಟೈಪು ಮಾಡಿದ ಒಂದು ಪುಟ. ಕೆಳಗೆ ನಾಲ್ಕು ಮನೆಯ ಯಜಮಾನರ ಸಹಿ. ಅದರ ಪ್ರತಿಯನ್ನು ಆಯಮ್ಮನಿಗೆ ಓದಿ ಹೇಳಿದೆ. ಸಹಿ ಯಾರ್ಯಾರದೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು.

“ಅಂತೂ ನಾಲ್ಕ್ ಜನವೂ ಸೈನ್ ಹಾಕಿರಲೆ” ಎಂದು ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ಆ ದಿನ ಸಂಜೆಯೂ ಸಕ್ಕರೆ ಕಾಯಿಲೆಯವರ ಕಾಲಿಗೆ ಬಟ್ಟೆ ಕಟ್ಟಲು ಹೋದರು. ಎಂತಕ್ಕೆ ಹೋದಿರಿ ಎಂದು ಕೇಳಿದರೆ, “ಕಾಲ್ ಎಂತ ಮಾಡಿತ್ತ್?” ಎಂದರು.

ವಿಚಾರಣೆಗೆ ದಿನ ಗೊತ್ತಾಯಿತು. ಆ ವೇಳೆಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿದುಬಂದಿತ್ತು, ಬಹಳ ತಡವಾಗಿತ್ತು. ಅವರು ರಿಜಿಸ್ಟ್ರಾರರ ಕಚೇರಿಗೆ ಆಟೋದಲ್ಲಿ ಬಂದು, ಮನೆಯನ್ನು ನನ್ನ ಹೆಸರಿಗೆ ಬರೆದರು. ನನಗೆ ಬೇಡವೆಂದೆ.

“ನಿಂಗಲ್ಲ ಕೊಡುದ್. ಬಪ್ಪವ್ರಿಗೆ ಕೊಡುದ್. ನಾನಿಲ್ದಿದ್ರೆ ನೀ ಹೋಗ್ ಹೇಳ್, ಇದ್ ನನ್ ಮನೆ, ಯಾರ್ ಬಂದ್ರೂ ಮನಗ್ಸ್ತೆ ಅಂದೇಳಿ. ನಿನ್ ಮಾತ್ ಕೇಂತ್ರ್.”

ವಿಚಾರಣೆಗೆ ಹನ್ನೊಂದು ದಿನ ಇರುವಾಗ ತೀರಿಕೊಂಡರು. ನಾಲ್ಕು ಮನೆಯವರೂ ಬಂದಿದ್ದರು. ಧಣಿಗಳು ಕಟ್ಟಿಗೆಯ ವ್ಯವಸ್ಥೆ ತಾವೇ ಮಾಡಿಸಿದರು.

ಅರ್ಜಿಯಲ್ಲಿ ಆಯಮ್ಮನ ಹೆಸರಿನ ಜಾಗದಲ್ಲಿ ನನ್ನ ಹೆಸರು ಸೇರಿಸಿಕೊಳ್ಳುವಂತೆ ಕೇಳುವುದಷ್ಟೇ ನನ್ನ ಕೆಲಸವಾಗಿತ್ತು. ಆದರೆ ಸರ್ಕಾರಿ ನೌಕರಳಾದ ನಾನು ಇಂಥದಕ್ಕೆ ಅರ್ಜಿದಾರಳಾಗಬೇಕಾದರೆ ಮೇಲಧಿಕಾರಿಗಳ ಅನುಮತಿ ಬೇಕಾದೀತೆಂದು ನನಗೆ ತೋರಿತು. ಕೆಲಸ ಖಾಯಂ ಆಗಲು ಬೇಕಾದ ಎರಡು ವರ್ಷ ಇನ್ನೂ ತುಂಬಿರಲಿಲ್ಲ. ಹಿರಿಯ ಗುಮಾಸ್ತರು ಎರಡು ಮೇಜಿನ ಆಚೆಗೇ ಇದ್ದರು, ಕೇಳಲಿಲ್ಲ. ಅನುಮತಿ ಕೋರಿ, ಕ್ರಮಬದ್ಧವಾಗಿ, ಮೂರು ಪ್ರತಿಗಳಲ್ಲಿ ಮೇಲಧಿಕಾರಿಗಳಿಗೆ ಬರೆದುಕೊಂಡೆ. ವಿಚಾರಣೆಯ ದಿನದವರೆಗೆ ಉತ್ತರ ಬರಲಿಲ್ಲ. ನಾನು ಹೋಗಲಿಲ್ಲ. ಅರ್ಜಿದಾರರ ಪರವಾಗಿ ಯಾರೂ ಹಾಜರಿಲ್ಲವೆಂದು ಬರೆದು ಕಡತ ಮುಕ್ತಾಯ ಮಾಡಿದರು. ನಾಲ್ಕು ತಿಂಗಳ ಮೇಲೆ ಮೇಲಧಿಕಾರಿಗಳಿಂದ ಎರಡು ಸಾಲಿನ ಪತ್ರ ಬಂತು: ತಾವು ಕೋರಿರುವ ವಿಷಯಕ್ಕೆ ಅನುಮತಿಯ ಅಗತ್ಯವಿರುವುದಿಲ್ಲ.

ಹೊಸದಾಗಿ ಅರ್ಜಿ ಹಾಕಬಹುದು. ಇಂದಿಗೂ ಹಾಕಬಹುದು. ನಿಯಮಗಳನ್ನು ಈಗ ನಾನು ಚೆನ್ನಾಗಿ ಬಲ್ಲೆ. ಇತರರಿಗೆ ತಿಳಿಸಿಯೂ ಕೊಡುತ್ತೇನೆ.

ಆ ಮನೆಯಲ್ಲಿ ಈಗ ನಾನು ಮತ್ತು ನನ್ನ ತಾಯಿ ವಾಸವಾಗಿದ್ದೇವೆ. ಓಣಿಯ ನಾಲ್ಕು ಮನೆಯವರೂ ನಮ್ಮೊಡನೆ ಬಹಳ ವಿಶ್ವಾಸದಿಂದಿದ್ದಾರೆ. ಹಬ್ಬಕ್ಕೆ ಕಡುಬು ಕಳುಹಿಸುತ್ತಾರೆ. ಕಳೆದ ತಿಂಗಳು ಹೋಟೆಲ್ ಧಣಿಗಳು ಕೋಲೂರಿಕೊಂಡು ಬಂದು, ಪಿಂಚಣಿಯದೋ ಪಡಿತರದ್ದೋ ಒಂದು ನಮೂನೆಯನ್ನು ನನ್ನಿಂದ ತುಂಬಿಸಿಕೊಂಡರು. ಎದ್ದು ಹೊರಡುವಾಗ, “ನೀವ್ ಇಲ್ಲಿಪ್ಪುದ್ ನಮ್ ಓಣಿಗೇ ಒಂದ್ ಮರ್ಯಾದಿ ಮೇಡಮ್” ಎಂದರು.

ನಾನು ಎದ್ದು ನಿಂತು, ಕೈಮುಗಿದು, ಅವರಿಗೆ ವಂದನೆ ಹೇಳಿದೆ.