ಮಾವನವರ ಹ್ಯಾಟಿಗೆ ನವಿಲುಗರಿ

ಹೋದ ಮಂಗಳವಾರ ನಮ್ಮ ಮಾವನವರು ಕಳೆದುಹೋದರು. ಹುಡುಕುವುದು ಕಷ್ಟವಾಗಬಾರದಿತ್ತು. ಎಪ್ಪತ್ತಾರು ವರ್ಷದ, ಬಿಳಿ ಅಂಗಿಯ, ಹ್ಯಾಟಿಗೆ ನವಿಲುಗರಿ ಸಿಕ್ಕಿಸಿಕೊಂಡ ಮನುಷ್ಯರು ನಾಗಪುರದಲ್ಲಿ ಎಷ್ಟು ಜನ ಇದ್ದಾರು?

ಹ್ಯಾಟ್ ಅವರದು. ಗರಿ ಅವರದಲ್ಲ.

ಮಾವನವರು ಅಂಚೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರು ಗದಗ, ನೌಕರಿಯೆಲ್ಲ ವಿದರ್ಭದಲ್ಲಿ. ಬಸ್ಸಿನಲ್ಲಿ, ಸೈಕಲ್ಲಿನಲ್ಲಿ ಊರೂರು ತಿರುಗಿ ಅಂಚೆ ಕಚೇರಿಗಳ ತಪಾಸಣೆ ಮಾಡುವಾಗ ತಲೆಗಿರಲಿ ಎಂದು ಒಂದು ಬೂದು ಬಣ್ಣದ, ಒತ್ತಿದ ಉಣ್ಣೆಯ ಫೆಲ್ಟ್ ಹ್ಯಾಟ್ ಕೊಂಡಿದ್ದರು. ರಿಟೈರ್ ಆದರೂ ಅದನ್ನು ಬಿಡಲಿಲ್ಲ. ಮೇ ತಿಂಗಳಲ್ಲಿ ಫೆಲ್ಟ್ ಸೆಕೆಯಲ್ಲವೇ ಎಂದು ಕೇಳಿದರೆ, ಬಿಸಿಲು ಬಡಿಯುವುದಕ್ಕಿಂತ ಬೆವರುವುದು ವಾಸಿ ಎನ್ನುತ್ತಿದ್ದರು. (ನಾಗಪುರದ ಬಿಸಿಲು ಕಂಡವರು ಈ ಮಾತಿಗೆ ನಗುವುದಿಲ್ಲ.)

ಇನ್ನು ವಿಲಾಸ. ಮಾವನವರ ತಂಗಿಯ ಮಗ. ಒಂದು ಸರಕಾರಿ ಕಚೇರಿಯಲ್ಲಿ ದೊಡ್ಡ ಸಾಹೇಬ. ಹವ್ಯಾಸ, ಹಳೆಯ ಕಾಲದ ಗಂಡಸರ ಹ್ಯಾಟುಗಳನ್ನು ಕೂಡಿಹಾಕುವುದು. ಬೆಂಡಿನ ಸೋಲಾ ಹ್ಯಾಟ್, ಹುಲ್ಲಿನ ಹ್ಯಾಟ್, ಮಡಕೆಯ ಹಾಗೆ ದುಂಡಗಿನ ಕರಿ ಹ್ಯಾಟ್, ಎಲ್ಲವೂ ಗಾಜಿನ ಕಪಾಟಿನೊಳಗೆ, ಪ್ರತಿಯೊಂದರ ಮೇಲೂ ಪುಟ್ಟ ಬಲ್ಬು. ಮನೆಗೆ ಹೋದವರು ಮೊದಲು ಕಪಾಟು ನೋಡಬೇಕು. ಆಮೇಲೆ ಚಹಾ.

ಆದರೆ ಈ ಮನುಷ್ಯ ಬಿಸಿಲಿನಲ್ಲಿ ಹ್ಯಾಟ್ ಹಾಕಿದ್ದನ್ನು ನಾನಂತೂ ನೋಡಿಲ್ಲ. ಏಸಿ ಕಾರಿನಿಂದ ಏಸಿ ಕಚೇರಿಗೆ ಬರಿದಲೆಯಲ್ಲಿ ಹೋಗುತ್ತಾನೆ. ಹ್ಯಾಟ್ ಹಾಕುವುದು ಭಾನುವಾರ ಸಂಜೆ, ಮನೆಯ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ, ಫೋಟೋಕ್ಕೆ. ಅಂಚು ಎಷ್ಟು ಬಾಗಿರಬೇಕು, ರಿಬ್ಬನ್ನಿನ ಗಂಟು ಎಡಕ್ಕೇ ಏಕಿರಬೇಕು ಎಂದು ಅರ್ಧ ಗಂಟೆ ಭಾಷಣ ಬೇರೆ. ಕೇಳುವವರೆಲ್ಲ ಅವನ ಕೈಕೆಳಗಿನವರು. ತಲೆದೂಗದೆ ಏನು ಮಾಡಿಯಾರು?

ಮಾವನವರ ಹ್ಯಾಟಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಕೇಳಿದ. ಅವರು ಕೊಡಲಿಲ್ಲ. ಆಗ ‘ವೈನಿ, ವೈನಿ’ ಎಂದು ಅತ್ತಿಗೆಯ ಸಲುಗೆಯಲ್ಲಿ ನನ್ನ ಹತ್ತಿರ ಬಂದ. ಗಾಂಧಿಬಾಗಿನಲ್ಲಿ ಒಬ್ಬ ಹಳೆಯ ಟೋಪಿ ಕೆಲಸಗಾರನಿದ್ದಾನೆ, ಉಗಿ ಹಿಡಿದು ಹ್ಯಾಟನ್ನು ಹೊಸದರಂತೆ ಮಾಡುತ್ತಾನೆ, ಮಾಮಾನ ಹುಟ್ಟಿದಹಬ್ಬಕ್ಕೆ ಸರ್ಪ್ರೈಸ್ ಕೊಡೋಣ ಎಂದ. ನಾನು ಒಪ್ಪಿದೆ. ಮಾವನವರು ಮಧ್ಯಾಹ್ನ ಮಲಗಿದ್ದಾಗ ಗೂಟದಿಂದ ತೆಗೆದು ಕೊಟ್ಟವಳು ನಾನೇ. ಒಂದು ವಾರ ಅವರು ಮನೆಯೆಲ್ಲ ಹುಡುಕಿದರು, ಹೊರಗೆ ಕಾಲಿಡಲಿಲ್ಲ. ಹ್ಯಾಟ್ ಇಲ್ಲದ್ದಕ್ಕೆ ಇಷ್ಟೊಂದು ಹಟವೇ ಎಂದು ನಾನು ಒಳಗೊಳಗೇ ನಕ್ಕೆ.

ಹ್ಯಾಟ್ ವಾಪಸ್ ಬಂತು. ಅಂಚನ್ನು ಒಂದು ಬೆರಳಿನಷ್ಟು ಕತ್ತರಿಸಿದ್ದರು. ಕರಿ ರಿಬ್ಬನ್ನಿನ ಜಾಗದಲ್ಲಿ ಕೆಂಪು ರಿಬ್ಬನ್. ಅದರಲ್ಲಿ ಗರಿ. ಒಳಗಿದ್ದ ಬೆವರು ಹೀರಿದ ಚರ್ಮದ ಪಟ್ಟಿ ಕಿತ್ತು ಹಾಕಿ, ಹೊಳೆಯುವ ಸ್ಯಾಟಿನ್ ಹೊಲಿಸಿ, ಅದರ ಮೇಲೆ ಜರಿ ದಾರದಲ್ಲಿ ವಿಲಾಸ ತನ್ನ ಹೆಸರು ಹಾಕಿಸಿದ್ದ. ಚಿತ್ರ ಬರೆದವರು ಸಹಿ ಹಾಕುವುದಿಲ್ಲವೇ ಎಂದು ನನ್ನನ್ನೇ ಕೇಳಿದ.

ಮಾವನವರು ಒಳಗೆ ಬೆರಳಾಡಿಸಿ ನೋಡಿದರು. ‘ಒಳಗಿನ ಪಟ್ಟಿ ಎಲ್ಲಿ?’ ಎಂದರು. ಹೊಲಸಾಗಿತ್ತು, ಬಿಸಾಡಿಸಿಬಿಟ್ಟೆ ಎಂದ ವಿಲಾಸ. ಅವರು ಹ್ಯಾಟನ್ನು ಗೂಟಕ್ಕೆ ಸಿಕ್ಕಿಸಿದರು. ಎರಡು ದಿನ ನೋಡಿ, ಮೂರನೆಯ ದಿನ ಅದನ್ನೇ ಹಾಕಿಕೊಂಡು ವಾಕಿಂಗಿಗೆ ಹೊರಟರು.

ಅದೇ ಮಂಗಳವಾರ. ಒಂಬತ್ತಕ್ಕೆ ಹೋದವರು ಹನ್ನೆರಡಾದರೂ ಬರಲಿಲ್ಲ. ನಮ್ಮ ಮನೀಶ್ ನಗರದಲ್ಲಿ ಹೊಸ ಮನೆಗಳು ಒಂದೇ ಅಚ್ಚಿನಲ್ಲಿ ಎದ್ದಿವೆ. ದಾರಿ ತಪ್ಪಿರಬೇಕೆಂದು ಯಜಮಾನರು ಸ್ಕೂಟರಿನಲ್ಲಿ ಗಲ್ಲಿ ಗಲ್ಲಿ ಸುತ್ತಿದರು. ನಾನು ಫೋನಿನ ಪಕ್ಕ ಕೂತೆ. ಪೊಲೀಸ್ ಚೌಕಿಗೆ ಫೋನ್ ಮಾಡಿ, ಅವರು ಗುರುತು ಕೇಳಿದಾಗ ‘ನವಿಲುಗರಿ’ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮೂರು ಗಂಟೆಗೆ ಫೋನ್ ಬಂತು. ಕನ್ಹಾನ್ ಅಂಚೆ ಕಚೇರಿಯಿಂದ.

ಮನೆಯ ದಾರಿ ಮರೆತ ಮಾವನವರು ಮುಖ್ಯ ರಸ್ತೆಗೆ ಬಂದು, ಬಸ್ ಹತ್ತಿ, ಇಳಿದು, ಇನ್ನೊಂದು ಹತ್ತಿ, ಊರಿನ ಆ ತುದಿ ದಾಟಿ ಕನ್ಹಾನಿಗೆ ಹೋಗಿದ್ದರು. ತಪಾಸಣೆಗೆ ಎಷ್ಟೋ ಸಲ ಹೋದ ದಾರಿ. ಚಹಾದ ಗಾಡಿಯವನ ಮುಂದೆ ನಿಂತು, ಹ್ಯಾಟ್ ತೆಗೆದು ಕೊಟ್ಟು, ಇದರೊಳಗೆ ನನ್ನ ಮನೆ ಇದೆ, ಓದು ಎಂದರಂತೆ. ಅವನು ಓದಿದ್ದು ವಿಲಾಸನ ಹೆಸರನ್ನು. ಬಿಸಿಲು ತಲೆಗೇರಿದೆ ಅಂದುಕೊಂಡು ‘ವಿಲಾಸ್ ಸಾಬ್, ಕೂತುಕೊಳ್ಳಿ’ ಎಂದು ನೀರು ಕೊಟ್ಟ. ನಾನು ವಿಲಾಸ ಅಲ್ಲ ಎಂದು ಅವರಿಗೆ ಸಿಟ್ಟು. ಹಾಗಾದರೆ ಯಾರು ಎಂದರೆ ಮತ್ತೆ ಹ್ಯಾಟನ್ನೇ ತೋರಿಸಿದರು. ಕೊನೆಗೆ ‘ಪೋಸ್ಟ್ ಆಫೀಸ್’ ಎಂಬ ಒಂದು ಮಾತು ಬಂತು. ಅವನು ಗಾಡಿಯನ್ನು ಪಕ್ಕದವನಿಗೆ ಒಪ್ಪಿಸಿ, ಕೈ ಹಿಡಿದು ಕರೆದೊಯ್ದ. ಅಲ್ಲಿನ ಪೋಸ್ಟ್‌ಮಾಸ್ಟರ್ ಒಂದು ಕಾಲಕ್ಕೆ ಇವರ ಕೈಯಲ್ಲಿ ಬೈಸಿಕೊಂಡವರು. ನೋಡಿದ ಕೂಡಲೇ ಎದ್ದು ನಿಂತರಂತೆ.

ಆ ಸಂಜೆ ಮಾವನವರು ನನಗೆ ಹೇಳಿದರು. ‘ಆರು ತಿಂಗಳಾತು, ಒಮ್ಮೊಮ್ಮೆ ಮನಿ ನೆನಪಾಗೂದಿಲ್ಲವಾ. ಅದಕ್ಕ ಆ ಪಟ್ಟಿ ಮ್ಯಾಲ ಬರಕೊಂಡಿದ್ದೆ. ಹೇಳಿದ್ರ ನೀವು ಹೊರಗ ಬಿಡತಿದ್ದಿಲ್ಲ.’

ನಿಜ. ಬಿಡುತ್ತಿರಲಿಲ್ಲ. ಎರಡು ಸಲ ಅವರು ಪಕ್ಕದ ಮನೆಯ ಗೇಟು ತೆರೆಯಲು ಹೋದದ್ದನ್ನು ನಾನೂ ನೋಡಿದ್ದೆ. ಕಣ್ಣಿನ ದೋಷ ಅಂದುಕೊಂಡು ಡಾಕ್ಟರರಿಗೆ ತೋರಿಸಿ ಕನ್ನಡಕ ಬದಲಿಸಿದ್ದೆವು.

ಮಾರನೆಯ ದಿನ ಗಾಂಧಿಬಾಗಿಗೆ ಹೋದೆ. ಆ ಪಟ್ಟಿಯಾದರೂ ಸಿಕ್ಕೀತೇನೋ ಎಂದು. ಟೋಪಿ ಕೆಲಸಗಾರ ಮರದ ಅಚ್ಚಿಗೆ ಒಂದು ಹ್ಯಾಟ್ ತೊಡಿಸಿ ಉಜ್ಜುತ್ತಿದ್ದ. ಪಟ್ಟಿ ಕಸಕ್ಕೆ ಹೋಗಿತ್ತು. ಆದರೆ ಕೀಳುವ ಮೊದಲು ಸಾಹೇಬರಿಗೆ ತೋರಿಸಿದ್ದೆ ಎಂದ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೆಸರು, ಮನೆ ನಂಬರು, ಫೋನು ಎಲ್ಲ ಸ್ಪಷ್ಟ ಬರೆದಿತ್ತಂತೆ. ಮುದುಕರೊಬ್ಬರ ಅಕ್ಷರ, ಇಟ್ಟುಕೊಳ್ಳಿ ಎಂದನಂತೆ. ಸಾಹೇಬರು ಓದಿದರಂತೆ. ಇಂಕಿನ ಕಲೆ ಇದ್ದರೆ ಪೀಸಿನ ಅಂದ ಕೆಡುತ್ತದೆ ಎಂದರಂತೆ.

ಪೀಸು. ನಮ್ಮ ಮನೆಯ ಹಿರಿಯರ ತಲೆಯ ಮೇಲಿದ್ದದ್ದು ಅವನಿಗೆ ಪೀಸು.

ಈ ಹಳತನ್ನು ಪ್ರೀತಿಸುವವರನ್ನು ಕಂಡರೆ ನನಗೆ ಈಗ ಮೈಯುರಿಯುತ್ತದೆ. ಅಜ್ಜಿಯ ಒರಳು ಬೇಕು, ಕ್ಯಾಕ್ಟಸ್ ಇಡಲಿಕ್ಕೆ. ಅಜ್ಜನ ಕೋಲು ಬೇಕು, ಗೋಡೆಗೆ ನೇತುಹಾಕಲಿಕ್ಕೆ. ಅಜ್ಜ ಬಂದು ನಾಲ್ಕು ದಿನ ಇರುತ್ತೇನೆಂದರೆ ಮಾತ್ರ ಫ್ಲ್ಯಾಟಿನಲ್ಲಿ ಜಾಗವಿಲ್ಲ. ಹಳೆಯ ಸಾಮಾನಿಗೆ ಪಾಲಿಶ್ ಹಚ್ಚಿದವರೆಲ್ಲ ಪರಂಪರೆಯ ರಕ್ಷಕರೇ?

ಮೊನ್ನೆ ಭಾನುವಾರ ವಿಲಾಸ ಬಂದ. ಮಾಮಾನನ್ನು ನೋಡಲು ಬಂದನೆಂದು ನಾನು ಒಂದು ಕ್ಷಣ ನಂಬಿದೆ. ಕುರ್ಚಿಯಲ್ಲಿ ಕೂತವನೇ, ಮಾಮಾ ಇನ್ನು ಒಬ್ಬರೇ ಹೊರಗೆ ಹೋಗುವುದಿಲ್ಲವಲ್ಲ, ಹ್ಯಾಟ್ ಸುಮ್ಮನೆ ಧೂಳು ತಿನ್ನುತ್ತದೆ ಎಂದು ಶುರು ಮಾಡಿದ. ಯಜಮಾನರ ಮುಖ ಕೆಂಪಾಯಿತು. ನಾನು ಬಾಯಿ ತೆರೆಯುವುದರೊಳಗೆ ಮಾವನವರೇ ಎದ್ದು ಗೂಟದಿಂದ ಹ್ಯಾಟ್ ತಂದರು. ಗರಿ ನೆಟ್ಟಗೆ ಮಾಡಿ ಅವನ ಕೈಗಿಟ್ಟರು.

‘ತಗೊಂಡ ಹೋಗಪಾ. ನನ್ನ ಹೆಸರು ಹೆಂಗೂ ಇದರಾಗ ಉಳದಿಲ್ಲ.’

ಅವನಿಗೆ ಏನಾದರೂ ತಟ್ಟಿತೇ? ಹ್ಯಾಟನ್ನು ಬೆಳಕಿಗೆ ಹಿಡಿದು ಅಂಚು ನೋಡಿದ. ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದುಕೊಂಡು ಮೆಟ್ಟಿಲಿಳಿದ. ಕಾರಿನ ಬಾಗಿಲು ತೆರೆದವನು ಏನೋ ನೆನಪಾದಂತೆ ನಿಂತು ನನ್ನತ್ತ ತಿರುಗಿದ. ಈಗಲಾದರೂ ಮಾಮಾನ ಆರೋಗ್ಯ ಕೇಳುತ್ತಾನೆ ಎಂದುಕೊಂಡೆ.

‘ವೈನಿ, ಮಾಮಾ ಇದನ್ನ ಕೊಂಡಾಗ ಜೋಡಿ ಬಂದಿದ್ದ ಹಳೇ ಡಬ್ಬಿ ಎಲ್ಲಿರೆ ಐತೇನು?’