ಡಿಕ್ಕಿಯಲ್ಲಿ ಸಿಕ್ಕಿಕೊಂಡ ಹಲಸಿನಹಣ್ಣು

ನಮ್ಮ ಕಾರಿಗೆ ಹಿಂದಿನಿಂದ ಜೀಪು ಗುದ್ದಿದಾಗ ನನಗೆ ಲೈಸೆನ್ಸ್ ಬಂದು ಮೂರೇ ತಿಂಗಳಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಿಪಟೂರಿನಲ್ಲಿ ಕಾರು ಓಡಿಸುವ ಹೆಂಗಸರು ಆಗ ಕಡಿಮೆ. ನಾನು ಗೇರು ಬದಲಾಯಿಸುವುದನ್ನು ನೋಡಲು ಬಸ್‌ಸ್ಟ್ಯಾಂಡಿನ ಮುಂದೆ ಜನ ಮಾತು ನಿಲ್ಲಿಸಿ ನಿಲ್ಲುತ್ತಿದ್ದರು. ಕಾರು ನಮ್ಮ ಮಾವನವರದು, ಹಿಂದುಗಡೆ ಕಬ್ಬಿಣದ ಟ್ರಂಕಿನಷ್ಟು ದೊಡ್ಡ ಡಿಕ್ಕಿ ಇದ್ದ ಹಳೆಯ ಬಿಳಿ ಗಾಡಿ. ಅವರು ತೀರಿಕೊಂಡ ಮೇಲೆ ಅದು ಶೆಡ್ಡಿನಲ್ಲೇ ಕೂತಿತ್ತು. ನನ್ನ ಗಂಡ ಸ್ಟೀರಿಂಗ್ ಹಿಡಿಯಲು ಒಪ್ಪುತ್ತಿರಲಿಲ್ಲ. ಹಾಗಾಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನಾನೇ ಡ್ರೈವಿಂಗ್ ಕಲಿತೆ. ಕಲಿತ ಹುಮ್ಮಸ್ಸಿನಲ್ಲಿ ಫುಲ್ ಇನ್ಶೂರೆನ್ಸ್ ಕೂಡ ಮಾಡಿಸಿದೆ.

ಆ ದಿನ ಹಿಂದಿನ ಸೀಟಿನಲ್ಲಿ ಇದ್ದವರು ನಮ್ಮ ಅತ್ತೆ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಜಗಳವೇನಿರಲಿಲ್ಲ. ಅವರು ಗಂಭೀರ ಹೆಂಗಸು, ನಾನು ಸ್ವಲ್ಪ ಹೆದರುವ ಸೊಸೆ. ಬೇಸಿಗೆ ರಜೆಯಲ್ಲಿ ಮಾಯಸಂದ್ರದ ಹತ್ತಿರವಿದ್ದ ಅವರ ತಂಗಿಯ ಮನೆಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಹೊರಡುವಾಗ ಆ ಚಿಕ್ಕತ್ತೆ ಇಬ್ಬರು ಗಂಡಸರ ಕೈಲಿ ಒಂದು ಹಲಸಿನಕಾಯಿ ಹೊರಿಸಿಕೊಂಡು ಬಂದು ಡಿಕ್ಕಿಯಲ್ಲಿ ಇಡಿಸಿದರು. "ಚೆನ್ನಾಗಿ ಬಲ್ತದೆ ಅಕ್ಕಾ, ನಾಕು ದಿನಕ್ಕೆ ಹಣ್ಣಾಯ್ತದೆ," ಅಂದರು.

ತುರುವೇಕೆರೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಎರಡೂ ಕಡೆ ತೆಂಗಿನ ತೋಟ, ರಸ್ತೆಯ ಮೇಲೆ ಗರಿಗಳ ನೆರಳು. ಎಡಗಡೆ ತೋಟದ ಸಂದಿಯಿಂದ ಕುರಿಮಂದೆ ರಸ್ತೆಗೆ ಇಳಿಯಿತು. ನಾನು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದೆ. ಕುರಿಗಳು ಅವಸರವಿಲ್ಲದೆ ಹೋಗುತ್ತಿದ್ದವು. ಅರ್ಧ ಮಂದೆ ದಾಟಿತ್ತೋ ಇಲ್ಲವೋ, ಹಿಂದಿನಿಂದ ಧಡ್ ಅಂತ ಒಂದು ಗುದ್ದು. ಅದರ ಹಿಂದೆಯೇ ಡೋಲು ಬಾರಿಸಿದ ಹಾಗೆ 'ಢಂ' ಅಂತ ಇನ್ನೊಂದು ಸದ್ದು.

ಅದು ನಿಜವಾಗಿಯೂ ಡೋಲೇ. ಮದುವೆ ಮುಗಿಸಿ ಬರುತ್ತಿದ್ದ ವಾಲಗದವರ ಜೀಪು ಅದು. ಗುದ್ದಿದ ರಭಸಕ್ಕೆ ಡೋಲಿನವರು ಡೋಲಿನ ಮೇಲೆಯೇ ಬಿದ್ದಿದ್ದರು. ಯಾರಿಗೂ ಏಟಾಗಿರಲಿಲ್ಲ. ನಾನು ಇಳಿಯುವಷ್ಟರಲ್ಲಿ ಡ್ರೈವರ್ ಓಡಿ ಬಂದು ಕೈಮುಗಿದ.

"ತಪ್ಪಾಯ್ತು ಕಣಕ್ಕಾ. ಹಿಂದ್ಗಡೆ ಇವ್ರು ಸುಮ್ನೆ ಕೂತ್ಕಳಾಕಾಗ್ದೆ ಬಾರಿಸ್ತಿದ್ರು. ನಾನೂ ಕಾಲಲ್ಲಿ ತಾಳ ಹಾಕ್ತಿದ್ದೆ."

"ಯಾವ ಕಾಲಲ್ಲಿ?" ಅಂತ ಕೇಳಿದೆ.

"ಬ್ರೇಕಿನ ಕಾಲಲ್ಲೇ," ಅಂದ ಪಾಪ.

ಕಾರಿನೊಳಗಿಂದ ವಿಚಿತ್ರವಾದ ಸದ್ದು ಕೇಳಿಸಿತು. ಅತ್ತೆಗೆ ಏನೋ ಆಯಿತೆಂದು ಗಾಬರಿಯಿಂದ ಬಾಗಿಲು ತೆಗೆದೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು. ಅವರು ಹಾಗೆ ನಕ್ಕಿದ್ದನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಅವರನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಅವರೂ ಇಳಿದು, ಇಬ್ಬರೂ ರಸ್ತೆಯ ಮಧ್ಯೆ ನಗುತ್ತ ನಿಂತೆವು. ಡ್ರೈವರ್ ಮಾತ್ರ ಇನ್ನೂ ಕೈಮುಗಿದುಕೊಂಡೇ ಇದ್ದ.

ಅವನು ಒಳ್ಳೆಯ ಮನುಷ್ಯ. ನಮ್ಮ ಜೊತೆಯಲ್ಲೇ ಪೊಲೀಸ್ ಸ್ಟೇಷನ್ನಿಗೆ ಬಂದು, ತಾನೇ ಗುದ್ದಿದ್ದು ಅಂತ ಬರೆದುಕೊಟ್ಟ. ಕಾರು ಹೇಗೋ ಓಡುತ್ತಿತ್ತು, ಆದರೆ ಡಿಕ್ಕಿಯ ಮುಚ್ಚಳ ಒಳಕ್ಕೆ ಮಡಚಿಕೊಂಡು ಬೀಗ ಕಚ್ಚಿಕೊಂಡಿತ್ತು. ಹಾಗೇ ತಿಪಟೂರು ಸೇರಿ, ನಮಗೆ ಗೊತ್ತಿದ್ದ ಸಾಬರ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ವಿಮಾ ಕಚೇರಿಗೆ ಫೋನ್ ಮಾಡಿದರೆ ಅಲ್ಲಿನವರು ಹೇಳಿದ್ದು ಒಂದೇ ಮಾತು: "ಸರ್ವೇಯರ್ ಬಂದು ನೋಡೋ ತನಕ ಯಾರೂ ಮುಟ್ಟಬಾರದು. ಸುತ್ತಿಗೆ ಏಟು ಒಂದು ಬಿದ್ರೂ ಕ್ಲೇಮ್ ಕಷ್ಟ ಮೇಡಂ." ಸರ್ವೇಯರ್ ಬರಬೇಕಾದ್ದು ತುಮಕೂರಿನಿಂದ. ಅವರಿಗೆ ಮೂರು ನಾಲ್ಕು ದಿನ ಪುರುಸೊತ್ತಿರಲಿಲ್ಲ.

"ಹಂಗಾದ್ರೆ ನಮ್ ಹಲಸಿನಕಾಯಿ?" ಅಂದರು ಅತ್ತೆ.

ಕ್ಲೇಮ್ ಫಾರಂ ಇಂಗ್ಲಿಷಿನಲ್ಲಿತ್ತು. ಊಟದ ಮನೆಯಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ ಅವರಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಅಪಘಾತದ ನಕ್ಷೆ ಬರೆಯಿರಿ ಅಂತ ಒಂದು ಚೌಕವಿತ್ತು. ನಾನು ಕಾರು, ಜೀಪು, ರಸ್ತೆ ಬರೆದೆ. "ಕುರಿ ಎಲ್ಲಿ?" ಅಂದರು. ಕುರಿ ಬರೆದೆ. "ಇದು ಕುರಿಯಾ? ಹೆಗ್ಗಣ ಇದ್ದಂಗದೆ," ಅಂತ ಪೆನ್ನು ಕಿತ್ತುಕೊಂಡು ತಾವೇ ನಾಲ್ಕು ಕುರಿ ಬರೆದರು. ಮುಂದಿನ ಪ್ರಶ್ನೆ ವಾಹನದಲ್ಲಿ ಸಾಗಿಸುತ್ತಿದ್ದ ಸರಕು ಯಾವುದು ಎಂಬುದು. ಸ್ವಂತ ಕಾರಿನಲ್ಲಿ ಬಾಡಿಗೆ ಸರಕು ಹಾಕಿದ್ದರೆ ಕ್ಲೇಮ್ ತಿರಸ್ಕರಿಸುತ್ತಾರೆ ಅಂತ ಎಲ್ಲೋ ಕೇಳಿದ್ದೆ. 'ಏನೂ ಇಲ್ಲ' ಅಂತ ಬರೆಯಲು ಹೊರಟೆ.

"ಮಕ್ಕಳಿಗೆ ಪಾಠ ಹೇಳೋಳು ಸುಳ್ಳು ಬರೀತೀಯಾ? ಹಲಸಿನಕಾಯಿ ಒಂದು ಅಂತ ಬರಿ."

ಹಾಗೆಯೇ ಬರೆದೆ. ಕಚೇರಿಯ ಗುಮಾಸ್ತರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಪಕ್ಕದ ಮೇಜಿನವರಿಗೂ ತೋರಿಸಿ ಸೀಲು ಹಾಕಿದರು.

ಮೂರನೆಯ ದಿನ ಸಾಬರ ಫೋನು ಬಂತು. "ಮೇಡಮ್ಮೋರೆ, ನಿಮ್ ಗಾಡಿ ಸುತ್ತ ಹಸುಗಳು ಬಂದು ನಿಂತವೆ. ಒಂದು ನಂಬರ್ ಪ್ಲೇಟ್ ನೆಕ್ತಾ ಅದೆ. ಏನ್ಮಾಡ್ಲಿ?"

ಅತ್ತೆಯೂ ನಾನೂ ಆಟೋದಲ್ಲಿ ಹೋದೆವು. ತಿರುವಿನಲ್ಲೇ ಮೂಗಿಗೆ ಬಡಿಯಿತು ಘಮ. ಬಿಸಿಲಿಗೆ ಕಾದ ಡಿಕ್ಕಿಯೊಳಗೆ ಕಾಯಿ ಭರ್ಜರಿಯಾಗಿ ಹಣ್ಣಾಗುತ್ತಿತ್ತು. ಪಕ್ಕದ ಟೈಲರ್ ಮಿಷನ್ ನಿಲ್ಲಿಸಿ ಹೊರಗೆ ಕೂತಿದ್ದ. ಅತ್ತೆ ಡಿಕ್ಕಿಯ ಸಂದಿಗೆ ಮೂಗು ಹತ್ತಿಸಿ ಕಣ್ಣುಮುಚ್ಚಿ ವಾಸನೆ ನೋಡಿ, ಡಾಕ್ಟರ ಹಾಗೆ ಹೇಳಿದರು: "ನಾಳೆ ಒಳಗೆ ತೆಗೆದ್ರೆ ಸರಿ. ನಾಡಿದ್ದಿಗೆ ಕೆಡ್ತದೆ." ಬರುವಾಗ ಆಟೋದಲ್ಲಿ ಒಬ್ಬರ ಮುಖ ಒಬ್ಬರು ನೋಡಿ ನಗುವುದು, ಸುಮ್ಮನಾಗುವುದು, ಮತ್ತೆ ನಗುವುದು. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ಕೊನೆಗೆ ಅವನೂ ನಗತೊಡಗಿದ, ಯಾಕೆ ಅಂತ ಗೊತ್ತಿಲ್ಲದೆ.

ಮಾರನೆಯ ದಿನ ಹನ್ನೊಂದಕ್ಕೆ ಸರ್ವೇಯರ್ ಬಂದರು. ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ, ನಗದ ಮನುಷ್ಯ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ಟೇಪು. ನಾನು ಲೈಸೆನ್ಸು ತೆಗೆದು ಅವರ ಮುಂದೆ ಹಿಡಿದೆ.

"ಎಷ್ಟು ಸ್ಪೀಡಲ್ಲಿದ್ರಿ?"

"ನಿಂತಿದ್ದೆ ಸಾರ್. ಕುರಿ ದಾಟ್ತಿದ್ವು."

"ಎಷ್ಟು ಕುರಿ?"

"ಅದ್ಯಾಕ್ ಸ್ವಾಮಿ, ಅವಕ್ಕೂ ಇನ್ಶೂರೆನ್ಸ್ ಕೊಡ್ತೀರಾ?" ಅಂದರು ಅತ್ತೆ.

ಸರ್ವೇಯರ್ ಫಾರಂ ತಿರುವಿದರು. ಹಲಸಿನಕಾಯಿಯ ಸಾಲಿಗೆ ಬಂದಾಗ ತಲೆಯೆತ್ತಿದರು. "ಮಾರೋಕೆ ತರ್ತಿದ್ರಾ?"

ಅತ್ತೆಯ ಮುಖ ಕೆಂಪಾಯಿತು. "ನಮ್ ತಂಗಿ ಪ್ರೀತೀಲಿ ಕೊಟ್ಟಿದ್ದ ಮಾರ್ತೀವಾ? ನೀವೇ ತೆಗ್ಸಿ ನೋಡಿ, ಸಂತೆಗೆ ತಂದಂಗದಾ ಅಂತ."

ಒಳಗಿನ ತಗಡು ಎಷ್ಟು ಮಡಚಿದೆ ನೋಡಲು ಡಿಕ್ಕಿ ಹೇಗೂ ತೆಗೆಯಲೇಬೇಕಿತ್ತು. ಸಾಬರು ಹಾರೆಯ ತುದಿ ತೂರಿಸಿ ಮೀಟಿದರು. ಮುಚ್ಚಳ ಚಟಾರನೆ ಮೇಲೆದ್ದಿತು. ಒಳಗೆ ಹಣ್ಣು ತಾನಾಗಿಯೇ ಬಿರಿದು, ಬಂಗಾರದ ಬಣ್ಣದ ತೊಳೆಗಳು ಇಣುಕುತ್ತಿದ್ದವು. ನೆರೆದವರೆಲ್ಲ ಒಟ್ಟಿಗೆ "ಹಾ" ಅಂದರು. ತಗಡಿನ ಅಳತೆ ತೆಗೆಯಲು ಸರ್ವೇಯರ್ ಒಳಕ್ಕೆ ಬಗ್ಗಿದರು. ಹಣ್ಣು ಅಡ್ಡವಿತ್ತು. ಯಾರನ್ನೂ ಕೇಳದೆ ಎರಡೂ ಕೈಯಿಂದ ಅದನ್ನು ಸರಿಸಿದರು. ಅಷ್ಟೇ. ಮೇಣ ಬೆರಳಿಗೆ, ಬೆರಳು ಟೇಪಿಗೆ, ಟೇಪು ಅಂಗಿಗೆ, ಪೆನ್ನು ಫಾರಮ್ಮಿಗೆ ಅಂಟಿಕೊಂಡವು.

"ಕೈ ಒದರಬ್ಯಾಡಿ ಸ್ವಾಮಿ, ಇನ್ನೂ ಅಂಟ್ತದೆ! ಯಾರಾದ್ರೂ ಕೊಬ್ರಿ ಎಣ್ಣೆ ತನ್ನಿ," ಅಂತ ಅತ್ತೆ ಕೂಗಿದರು. ನಮ್ಮೂರಿನಲ್ಲಿ ಅದಕ್ಕೇನು ಕೊರತೆ? ಮೂರು ಅಂಗಡಿಯಿಂದ ಮೂರು ಬಾಟಲಿ ಬಂದವು. ಅತ್ತೆ ಆ ಮನುಷ್ಯನನ್ನು ಸ್ಟೂಲಿನ ಮೇಲೆ ಕೂರಿಸಿ, ಮಗುವಿಗೆ ಹಚ್ಚುವಂತೆ ಒಂದೊಂದೇ ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿದರು. ಆಗ ಸರ್ವೇಯರರ ತುಟಿ ಸಡಿಲವಾಯಿತು. ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ಭುಜ ಕುಲುಕಿಸಿ ನಕ್ಕರು. "ನಮ್ಮಮ್ಮನೂ ಹಿಂಗೇ ಮಾಡೋರು," ಅಂದರು. ಎಣ್ಣೆ ಕೈಯಲ್ಲೇ ಹದಿನಾಲ್ಕು ತೊಳೆ ತಿಂದರು. ಸಾಬರು, ಟೈಲರು, ನಾವು, ಎಲ್ಲರೂ ತಿಂದೆವು. ಸಿಪ್ಪೆ ಹಸುಗಳಿಗೆ ಹೋಯಿತು. ಆಮೇಲೆ ಸರ್ವೇಯರ್ ಫೋಟೋಗಳನ್ನು ತೆಗೆದು, ಕೆಲಸ ಅಚ್ಚುಕಟ್ಟಾಗಿ ಮುಗಿಸಿದರು. ಫಾರಮ್ಮಿನ ಎರಡು ಹಾಳೆ ಮಾತ್ರ ಅಂಟಿಕೊಂಡಂತೆಯೇ ಕಂಪನಿಗೆ ಹೋದವು.

ತಿಂಗಳೊಪ್ಪತ್ತಿನಲ್ಲಿ ಕ್ಲೇಮ್ ಮಂಜೂರಾಯಿತು. ಕಾರು ರಿಪೇರಿಯಾಗಿ ಬಂತು. ಹೊಸ ಬಿಳಿ ಹಳೆಯ ಬಿಳಿಗೆ ಹೊಂದಲಿಲ್ಲ, ಹಿಂದಿನಿಂದ ನೋಡಿದರೆ ಬೇರೆ ಗಾಡಿಯಂತೆ ಕಾಣುತ್ತಿತ್ತು. ನನ್ನ ಗಂಡ ಅದನ್ನು ಸುತ್ತು ಹಾಕಿ ನೋಡಿ, "ಇನ್ಮೇಲೆ ಹುಷಾರಾಗಿ ಓಡ್ಸು," ಅಂದರು.

"ಅವ್ಳು ಹುಷಾರಾಗೇ ಓಡ್ಸಿದ್ದು ಕಣಪ್ಪ, ನಿಂಗೇನ್ ಗೊತ್ತು?" ಅಂದರು ಅತ್ತೆ ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಬಾರೇ, ಹೊನ್ನವಳ್ಳಿ ಕಡೆ ಒಂದು ರೌಂಡು ಹೋಗ್ಬರಾಣ," ಅಂದರು.

ಅವರು ನನ್ನನ್ನು 'ಬಾರೇ' ಅಂದದ್ದು ಅದೇ ಮೊದಲು. ಒಲೆಯ ಮೇಲೆ ಹಾಲಿತ್ತು. ಗಂಡನಿಗೆ ನೋಡಿಕೊಳ್ಳಲು ಹೇಳಿ ನಾನು ಬೀಗದಕೈ ತೆಗೆದುಕೊಂಡೆ.