ಹರಳೆಣ್ಣೆಯ ಹೊಗೆ

ಮೊನ್ನೆ ಸೊಸೆ ಮೊಮ್ಮಗುವಿನ ನೆತ್ತಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿಗಿಟ್ಟು, ಫೋನು ಬಂತೆಂದು ಹೊರಗೆ ಹೋದಳು. ಎಣ್ಣೆ ಕಾದು ಹೊಗೆಯೆದ್ದು ಫ್ಲ್ಯಾಟೆಲ್ಲ ತುಂಬಿತು. ಅವಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದರೆ, ನಾನು ಪೇಪರು ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದೆ. ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತ್ತು. ಇಷ್ಟು ವರ್ಷವಾದರೂ ಈ ಕೈಗೆ ಬುದ್ಧಿ ಬಂದಿಲ್ಲ.

ನನ್ನ ಹರೆಯದಲ್ಲಿ ಮುಂಬಯಿಯ ಸಯನ್ನಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿ ಕಾಕಾ ಇದ್ದರು. ಸ್ವಂತ ಕಾಕಾ ಅಲ್ಲ. ಅವರು ಧಾರವಾಡದ ಕಡೆಯವರು, ನಾವು ಬಿಜಾಪುರದವರು. ಮುಂಬಯಿಯಲ್ಲಿ ಹಾಗೆ ಕರೆಯಲು ಅಷ್ಟು ಸಾಕಾಗಿತ್ತು. ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಕೆಲಸ. ಸುಮ್ಮನೆ ಕೂತದ್ದನ್ನು ನಾನು ನೋಡಿಲ್ಲ. ಊಟಕ್ಕೆ ಕೂತರೂ ಹೆಬ್ಬೆರಳು ತಾಟಿನ ಅಂಚನ್ನು ಸವರುತ್ತಾ ಎಲ್ಲಿ ಒರಟಿದೆ ಎಂದು ಹುಡುಕುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ನೂರಿಪ್ಪತ್ತೈದು ಸಿಸಿಯ ಪುಟ್ಟ ಮೋಟರ್‌ಸೈಕಲ್ಲೊಂದು ಅವರ ಕೈಗೆ ಸಿಕ್ಕಿತ್ತು. ಅದನ್ನು ರೇಸಿಗೆ ಬಿಡಬೇಕೆಂದು ಮೆಟ್ಟಿಲ ಕೆಳಗೆ ಇಟ್ಟುಕೊಂಡು, ದೀಪ, ಹಾರ್ನು, ಮಡ್‌ಗಾರ್ಡು ಎಲ್ಲ ಕಿತ್ತು ಹಾಕಿದರು. ಭಾರ ಕಡಿಮೆಯಾಗಲೆಂದು ಬ್ರೇಕಿನ ಪೆಡಲಿಗೂ ತೂತು ಕೊರೆದರು. ಸಿಲಿಂಡರಿನಲ್ಲಿ ಪೆಟ್ರೋಲು ಒಳಗೆ ಬರುವ, ಹೊಗೆ ಹೊರಗೆ ಹೋಗುವ ಕಿಂಡಿಗಳನ್ನು ಅರದಿಂದ ಉಜ್ಜಿ ಉಜ್ಜಿ ಅಗಲ ಮಾಡಿದರು. ಕೂದಲೆಳೆಯಷ್ಟು ಹೆಚ್ಚಾದರೂ ಸಿಲಿಂಡರು ಹಾಳು. ಪೆಟ್ರೋಲಿಗೆ ಹರಳೆಣ್ಣೆ ಬೆರೆಸುತ್ತಿದ್ದರು, ಅದೂ ಅವರ ಹೆಂಡತಿ, ನಮ್ಮ ಕಾಕೂ, ತಲೆಗೆಂದು ತಂದಿಟ್ಟುಕೊಂಡದ್ದು. ಗಾಡಿ ಚಾಲೂ ಆದರೆ ಆ ಎಣ್ಣೆಯ ಹೊಗೆಗೆ ಚಾಳಿನ ಹೆಂಗಸರೆಲ್ಲ ಒಣಗಿದ ಬಟ್ಟೆ ಎಳೆದುಕೊಳ್ಳುತ್ತಾ ಬೈಯುತ್ತಿದ್ದರು.

ಗಾಡಿ ಹಗುರಾಯಿತು, ಕಾಕಾ ಮಾತ್ರ ಹಗುರಾಗುವ ಆಳಲ್ಲ. ಅದಕ್ಕೇ ಓಡಿಸಲು ನಾನು ಬೇಕಾದೆ. ಇಪ್ಪತ್ಮೂರರ ಗುಮಾಸ್ತ, ಗಾಳಿ ಬಂದರೆ ಹಾರಿಹೋಗುವ ಮೈಕಟ್ಟು. ಅದೂ ಸಾಲದು ಅಂದರು.

"ಇನ್ನೂ ನಾಕ ಪೌಂಡ್ ಇಳಸು ತಮ್ಮಾ. ನನಗ ತೂತ ಕೊರಿಯಾಕ ಇನ್ನ ಜಾಗಾ ಉಳದಿಲ್ಲ."

ನಾನು ಏಕಾದಶಿ ಹಿಡಿದೆ. ಸಂಧ್ಯಾವಂದನೆಗೇ ಚಕ್ಕರ್ ಹೊಡೆಯುತ್ತಿದ್ದ ಮಗ ನೀರೂ ಮುಟ್ಟದೆ ಉಪವಾಸ ಮಾಡುವುದನ್ನು ಕಂಡು ಅಮ್ಮ ಕಣ್ಣೊರೆಸಿಕೊಂಡಳು. ಮುಂಬಯಿಗೆ ಬಂದೂ ಹುಡುಗ ಕೆಟ್ಟಿಲ್ಲ ಎಂದು ಊರಿಗೆಲ್ಲ ಕಾಗದ ಬರೆಸಿದಳು. ಗೋಡೆಯಾಚೆ ಕಾಕಾ ನಗು ತಡೆದುಕೊಂಡು ಕೆಮ್ಮುವುದು ನನಗೆ ಕೇಳಿಸುತ್ತಿತ್ತು.

ರೇಸು ಒಂದು ರವಿವಾರ, ವಿಲೆ ಪಾರ್ಲೆಯ ಆಚೆ ವಿಮಾನ ಇಳಿಯುವ ಪಟ್ಟಿಯ ಮೇಲೆ. ತಿರುವುಗಳಿಗೆ ಎಣ್ಣೆ ಪೀಪಾಯಿ, ಹುಲ್ಲಿನ ಪೆಂಡಿ ಇಟ್ಟಿದ್ದರು. ಕಾಕಾ ನನ್ನ ಹೆಲ್ಮೆಟ್ಟಿನ ಪಟ್ಟಿ ಮೂರು ಸಲ ಕಟ್ಟಿ ಬಿಚ್ಚಿದರು.

"ಆ ಪೀಪಾಯಿ ತಿರುವಿನ್ಯಾಗ ಥ್ರಾಟಲ್ ಮ್ಯಾಲಿನ ಕೈ ಸಡ್ಲ ಬಿಡಬ್ಯಾಡ. ದೊಡ್ಡ ಗಾಡಿ ಆದ್ರ ನಡೀತದ. ಇದಕ್ಕ ಒಮ್ಮೆ ಉಸರ ಹೋದ್ರ ಮತ್ತ ಲಗೂನ ಬರೂದಿಲ್ಲ."

ಎಂಥ ಎಂಜಿನ್ ಅದು! ನನ್ನ ತೊಡೆಯ ನಡುವೆ ಕೂಗುತ್ತಾ ಒಬ್ಬೊಬ್ಬರನ್ನೇ ಹಿಂದೆ ಹಾಕಿತು. ಕೊನೆಯ ಸುತ್ತಿನಲ್ಲಿ ನನ್ನ ಮುಂದೆ ಉಳಿದವನು ಒಬ್ಬನೇ, ಅವನೂ ಕೈಗೆಟುಕುವಷ್ಟು ಹತ್ತಿರ. ಪೀಪಾಯಿಗಳು ಬಂದವು... ಹೆದರಿದೆ. ಅಷ್ಟೇ. ಬಲಗೈ ತಾನಾಗಿ ಥ್ರಾಟಲ್ ಮುಚ್ಚಿ ವೇಗ ಇಳಿಸಿತು. ಎಂಜಿನ್ ಗೊಣಗಿತು, ಮತ್ತೆ ಏರುವಷ್ಟರಲ್ಲಿ ನಾಲ್ಕು ಜನ ನನ್ನನ್ನು ದಾಟಿ ಹೋಗಿದ್ದರು.

ಕಾಕಾ ಓಡಿ ಬಂದರು. ಉಪವಾಸದಿಂದ ತಲೆ ಸುತ್ತಿತು ಎನ್ನಬಹುದಿತ್ತು. ನನ್ನ ಬಾಯಿಗೆ ಬಂದದ್ದು ಬೇರೆ.

"ಎಂಜಿನ್ ಸತ್ತಂಗಾತ್ರೀ, ಕಾಕಾ."

ಅವರು ಅಲ್ಲೇ ಮೊಣಕಾಲೂರಿ ಪ್ಲಗ್ ಬಿಚ್ಚಿದರು. ಎಂಜಿನ್ನಿನ ಆರೋಗ್ಯ ಪ್ಲಗ್ಗಿನ ತುದಿಯ ಬಣ್ಣದಲ್ಲಿ ತಿಳಿಯುತ್ತದೆ ಎಂದು ನನಗೆ ಕಲಿಸಿದವರೇ ಅವರು. ಅದು ಹದವಾಗಿ ಹುರಿದ ಗೋಧಿಯ ಬಣ್ಣಕ್ಕಿತ್ತು. ತಿರುಗಿಸಿ ತಿರುಗಿಸಿ ನೋಡಿದರು.

"ಪ್ಲಗ್ ಏನೋ ಚಂದ ಅದ... ಆದ್ರ ನೀ ಸುಳ್ಳ ಹೇಳಾಂವ ಅಲ್ಲ. ನನ್ನ ಕೈಯಾಗ ಏನರೆ ತಪ್ಪ್ಯಾದ."

ಆಗಲೇ ಹೇಳಬೇಕಿತ್ತು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದೆ.

ಮರುದಿನದಿಂದ ಎಂಜಿನ್ ಬಿಚ್ಚಿ ಕೂತರು. ಇಲ್ಲದ ತಪ್ಪನ್ನು ಎಷ್ಟು ದಿನ ಹುಡುಕಬಹುದು? ಕಾಕಾ ಒಂದು ಮಳೆಗಾಲ ಪೂರ್ತಿ ಹುಡುಕಿದರು. ಗಿರಣಿಯಿಂದ ಬಂದವರೇ ಚಹಾ ಕೂಡ ಕುಡಿಯದೆ ಮೆಟ್ಟಿಲ ಕೆಳಗೆ ಇಳಿಯುತ್ತಿದ್ದರು. ನಾನು ಆಫೀಸಿನಿಂದ ಬಂದು ಆ ಅರದ ಸದ್ದು ಕೇಳಿ, ಮನೆಗೆ ಹೋಗಲಾರದೆ ಸ್ಟೇಶನ್ನಿನ ತನಕ ಸುಮ್ಮನೆ ನಡೆದು ವಾಪಸು ಬರುತ್ತಿದ್ದೆ. ನಾಳೆ ಹೇಳುತ್ತೇನೆ, ರವಿವಾರ ಹೇಳುತ್ತೇನೆ... ಗಿರಣಿಯಲ್ಲೂ ಈಗ ತಮ್ಮ ಅಳತೆಯನ್ನು ಬೇರೆಯವರಿಗೆ ತೋರಿಸಿ ಸರಿಯಿದೆಯೇ ಎಂದು ಕೇಳುತ್ತಾರಂತೆ ಎಂದು ಕಾಕೂ ಅಮ್ಮನ ಮುಂದೆ ಹೇಳಿದ್ದು ಕೇಳಿಸಿದ ದಿನ ನನಗೆ ಅನ್ನ ಇಳಿಯಲಿಲ್ಲ. ಏಕಾದಶಿಯೇನೂ ಆಗಿರಲಿಲ್ಲ.

ಒಂದು ಸಂಜೆ ಅರದ ಸದ್ದು ನಿಂತಿತ್ತು. ಇಳಿದು ನೋಡಿದೆ. ಉಜ್ಜುತ್ತಾ ಉಜ್ಜುತ್ತಾ ಆ ಕೂದಲೆಳೆ ದಾಟಿಬಿಟ್ಟಿದ್ದರು. ಸಿಲಿಂಡರು ಹಾಳಾಗಿತ್ತು.

"ಕೈ ಹೋತು ತಮ್ಮಾ," ಎಂದರು, ಅಂಗೈ ನೋಡಿಕೊಳ್ಳುತ್ತಾ.

ಗಾಡಿ ಹಳೇ ಕಬ್ಬಿಣ ಕೊಳ್ಳುವ ಭಂಗಾರದವನ ಕೈಗಾಡಿ ಹತ್ತಿತು. ನಾನು ಚೆಂಬೂರಿಗೆ ಮನೆ ಬದಲಿಸಿದೆ, ಕೆಲಸ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಕಾಕಾ ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಕೆಲವು ವರ್ಷಗಳ ನಂತರ ಕಾಕೂ ಬರೆಸಿದ ಕಾರ್ಡು ಬಂತು. ಅವರು ತೀರಿಹೋದರು, ಟ್ರಂಕಿನಲ್ಲಿ ಗಾಡಿಯ ಹಳೆಯ ಪಿಸ್ಟನ್ನೊಂದನ್ನು ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದರು, ನಿನಗೆ ಬೇಕೇನು ಎಂದು. ನಾನು ಉತ್ತರ ಬರೆಯಲಿಲ್ಲ.

ಹೊಗೆ ಕರಗಿತು. ಸೊಸೆ ಬೇರೆ ಎಣ್ಣೆ ಬಿಸಿ ಮಾಡಿ, "ಮಾವಾ, ಇವನನ್ನ ಸ್ವಲ್ಪ ಹಿಡ್ಕೊಳ್ರಿ," ಎಂದು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ನಾನೇ ಅದರ ನೆತ್ತಿಗೆ ಎಣ್ಣೆ ಒತ್ತಿದೆ.

"ಎಂಜಿನ್ ಸರಿ ಇತ್ರೀ, ಕಾಕಾ," ಎಂದೆ.

"ಏನಂದ್ರಿ ಮಾವಾ?" ಎಂದಳು ಸೊಸೆ. ಏನಿಲ್ಲ ಎಂದೆ.